ಎಂಟು ವರ್ಷದ ಲೆಕ್ಕ

"ಎಷ್ಟು ವರ್ಷಕ್ಕೆ ಅಂತ ಹಾಕ್ಲಿ, ಮೇಷ್ಟ್ರೇ?"

ಕಾರು ಮಾರುವ ಉರಿಯೆಲ್ ಕಂತಿನ ಅರ್ಜಿಯ ಮೇಲೆ ಪೆನ್ನು ಹಿಡಿದು ಕಾಯುತ್ತಿದ್ದ.

"ಎಂಟು" ಎಂದ ಎವರಾರ್ದೋ. ಹೇಳಿದ ಮೇಲೆ ಹೆಂಡತಿಯ ಕಡೆ ನೋಡಿದ. ಮೊದಲು ನೋಡಿ ಆಮೇಲೆ ಹೇಳಬೇಕಿತ್ತು. ಗ್ರಿಸೆಲ್ದಾ ಚಪ್ಪಲಿಯ ತುದಿಯಿಂದ ಹೊಸ ಕಾರಿನ ಟೈರು ಒತ್ತಿ ನೋಡುತ್ತಿದ್ದಳು.

"ಎಂಟು ವರ್ಷ?" ಎಂದಳು, ಟೈರನ್ನು ಕೇಳುವವಳಂತೆ.

"ಬ್ಯಾಟರಿ ಗ್ಯಾರಂಟಿ ಎಂಟು ವರ್ಷ. ಅದಕ್ಕೇ."

"ಓ. ಬ್ಯಾಟರೀದಾ."

ಅವನ ಕೈಯಲ್ಲಿ ಮೂರು ಹಾಳೆಯ ಪಟ್ಟಿ ಇತ್ತು. ಇಪ್ಪತ್ತೆರಡು ವರ್ಷ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡಿದವನು; ಪಟ್ಟಿಯಿಲ್ಲದೆ ಟೊಮೆಟೊ ಕೂಡ ಕೊಳ್ಳುವವನಲ್ಲ. ಎಡಗಡೆ ಹೈಬ್ರಿಡ್‌ನ ಗುಣಗಳು: ಟ್ರಾಫಿಕ್ಕಿನಲ್ಲಿ ಲೀಟರಿಗೆ ಇಪ್ಪತ್ತು ಕಿಲೋಮೀಟರು, ವರ್ಷಕ್ಕೆರಡು ಸಲ ಹೊಗೆ ಪರೀಕ್ಷೆಯ ಸಾಲಿನಲ್ಲಿ ನಿಲ್ಲಬೇಕಿಲ್ಲ, ರಸ್ತೆಯುಬ್ಬಿಗೆ ತಳ ತಾಗುವುದಿಲ್ಲ, ಬ್ರೇಕು ಬೇಗ ಸವೆಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹಳೆಯ ಕಾರುಗಳಿಗಿರುವ ವಾರಕ್ಕೊಂದು ದಿನದ ನಿಷೇಧ ಇದಕ್ಕಿಲ್ಲ, ಏಳೂ ದಿನ ಓಡಬಹುದು. ಬಲಗಡೆ ದೋಷಗಳು: ಬರೀ ಪೆಟ್ರೋಲಿನದಕ್ಕಿಂತ ಎಂಬತ್ತು ಸಾವಿರ ಪೆಸೊ ಜಾಸ್ತಿ, ವಿಮೆ ದುಬಾರಿ, ಹೆದ್ದಾರಿಗೆ ಬಿದ್ದರೆ ಉಳಿತಾಯ ಕರಗುತ್ತದೆ. ಬ್ಯಾಟರಿ ಜಾಗ ತಿಂದುಬಿಟ್ಟಿರುವುದರಿಂದ ಹೆಚ್ಚುವರಿ ಚಕ್ರವಿಲ್ಲ; ಪಂಕ್ಚರ್ ಆದರೆ ಒಂದು ಡಬ್ಬಿ ನೊರೆ ಮತ್ತು ದೇವರು. ಮಳೆಗಾಲದ ಕೆಳಸೇತುವೆಯಲ್ಲಿ ನೀರು ಸೀಟಿನ ಮಟ್ಟಕ್ಕೆ ಬಂದರೆ ಎಲ್ಲ ಮುಗಿಯಿತು.

ಕೊನೆಯ ಹಾಳೆಯಲ್ಲಿ ತೀರ್ಮಾನ. ಈಗಿರುವ ಎರಡೂ ಹಳೆಯ ಕಾರು ಮಾರಿ ಇದೊಂದನ್ನೇ ಇಟ್ಟುಕೊಂಡರೆ, ಹಾಕಿದ ಹಣ ಆರನೆಯ ವರ್ಷದ ಮಾರ್ಚಿನಲ್ಲಿ ವಾಪಸಾಗುತ್ತದೆ. ಆಮೇಲೆಲ್ಲ ಲಾಭ.

ನಿಜ ಹೇಳಬೇಕೆಂದರೆ ಅವನಿಗೆ ಕಾರಿನ ಬಗ್ಗೆ ಅಂಥ ಕುತೂಹಲವೇನೂ ಇರಲಿಲ್ಲ. ಫೆಬ್ರವರಿಯಿಂದ ಗ್ರಿಸೆಲ್ದಾ ಓದುವ ಕೋಣೆಯಲ್ಲಿ ಮಲಗುತ್ತಿದ್ದಳು. ಪಠ್ಯಪುಸ್ತಕಗಳ ಕರಡು ತಿದ್ದುವ ಕೆಲಸ, ಲೈಟು ಉರಿಸಬೇಕು, ನಿನಗೆ ತೊಂದರೆ ಎಂದಿದ್ದಳು. ಶಾಲೆಗಳು ಶುರುವಾಗಿ ಪುಸ್ತಕಗಳು ಮಕ್ಕಳ ಕೈ ಸೇರಿದ ಮೇಲೂ ಅವಳು ಹಾಸಿಗೆಗೆ ಮರಳಲಿಲ್ಲ. ಬಿಟ್ಟು ಹೋಗುತ್ತೀಯಾ ಎಂದು ಕೇಳಲು ಅವನಿಗೆ ಧೈರ್ಯವಿರಲಿಲ್ಲ. ಎಂಟು ವರ್ಷ ಎಂದು ಅವಳು ಒಂದು ಸಲ ಬಾಯಿಬಿಟ್ಟರೆ ಸಾಕಿತ್ತು, ಕಾರಿನ ನೆಪದಲ್ಲಾದರೂ.

"ಒಂದು ಸುತ್ತು ಹೋಗ್ಬರೋಣ" ಎಂದ ಉರಿಯೆಲ್. "ಓಡಿಸಿ ನೋಡಿದ್ರೆ ಪಟ್ಟಿ ಗಿಟ್ಟಿ ಎಲ್ಲಾ ಮರ್ತೋಗುತ್ತೆ."

ಉರಿಯೆಲ್ ಹಿಂದೆ ಕೂತ. ಲಾಸ್ ಆಗಿಲಾಸ್ ಬಡಾವಣೆಯ ಇಳಿಜಾರಿನಲ್ಲಿ ಎಂದಿನಂತೆ ವಾಹನಗಳು ಒಂದರ ಬಾಲ ಒಂದು ಹಿಡಿದು ನಿಂತಿದ್ದವು. ನಿಂತ ಕೂಡಲೇ ಎಂಜಿನ್ನಿನ ಸದ್ದು ಅಡಗಿತು.

"ಕೆಟ್ಟೋಯ್ತಾ?" ಎಂದಳು ಗ್ರಿಸೆಲ್ದಾ.

"ಇಲ್ಲ ಮೇಡಂ. ಕೆಟ್ಟಿಲ್ಲ, ಸುಮ್ನಿದೆ ಅಷ್ಟೆ."

"ನಮ್ಮನೇಲೂ ಹಾಗೇ."

ಉರಿಯೆಲ್ ನಗಲು ಹೋಗಿ ಅರ್ಧಕ್ಕೆ ನಿಲ್ಲಿಸಿದ. ಎವರಾರ್ದೋನ ಹಳೆಯ ಕಾರಿನ ಸೈಲೆನ್ಸರ್ ಒಡೆದು ವರ್ಷವಾಗಿತ್ತು. ಆ ಗಲಾಟೆಯಲ್ಲಿ ಮಾತಾಡದಿರುವುದಕ್ಕೆ ಒಂದು ಕಾರಣವಿತ್ತು. ಇಲ್ಲಿ ಅವಳ ಉಸಿರು ಕೂಡ ಕೇಳುತ್ತಿತ್ತು.

ಅಂದು ಮಂಗಳವಾರ, ಅವಳ ಕಾರಿಗೆ ರಜೆ. ಊರಿನ ಹೊಗೆ ತಗ್ಗಿಸುವ ನಿಯಮದಂತೆ, ನಂಬರಿನ ಕೊನೆಗೆ ಏಳೋ ಎಂಟೋ ಇರುವ ಹಳೆಯ ಕಾರುಗಳು ಗುಲಾಬಿ ಚೀಟಿ ಅಂಟಿಸಿಕೊಂಡು ಆ ದಿನ ಮನೆಯಲ್ಲಿ ಬಿದ್ದಿರಬೇಕು. ಮದುವೆಯಾದ ಹೊಸದರಲ್ಲಿ ಇಬ್ಬರಿಗೂ ಅದೊಂದೇ ಕಾರು. ಮಂಗಳವಾರ ಬೆಳಗ್ಗೆ ಆರೂವರೆಗೆ ಮೂಲೆಯಲ್ಲಿ ನಿಂತು ಕೈ ತೋರಿಸಿ ಮಿನಿಬಸ್ಸು ಹತ್ತುತ್ತಿದ್ದರು. ಬ್ರೆಡ್ಡಿನೊಳಗಿಟ್ಟ ತಮಾಲ್ ಎಂಬ ಬಿಸಿ ಜೋಳದ ಕಡುಬೊಂದನ್ನು ಇಬ್ಬರೂ ಕಚ್ಚುತ್ತಿದ್ದರು. ಅವಳು ಅವನ ಭುಜದ ಮೇಲೆ ಬಾಯಿ ತೆರೆದುಕೊಂಡು ನಿದ್ದೆ ಹೋಗುತ್ತಿದ್ದಳು, ಇಳಿಯುವ ಜಾಗ ದಾಟಿದರೂ ಅವನು ಎಬ್ಬಿಸುತ್ತಿರಲಿಲ್ಲ.

ಆಮೇಲೆ ಅವನೊಂದು ಪಟ್ಟಿ ಮಾಡಿದ. ಬಸ್ಸಿನಲ್ಲಿ ವಾರಕ್ಕೆ ಮೂರು ಗಂಟೆ ವ್ಯರ್ಥ ಎಂದು ಪಟ್ಟಿ ಹೇಳಿತು. ಊರಿನವರೆಲ್ಲ ಮಾಡುವಂತೆ, ಕೊನೆಯ ಅಂಕಿ ಬೇರೆಯಿರುವ ಹಳೆಯದೊಂದು ಕಾರು ಕೊಂಡು ಮಂಗಳವಾರವನ್ನು ಉಳಿಸಿದ. ಗೆಳೆಯರು ಅವನ ಬುದ್ಧಿಯನ್ನು ಹೊಗಳಿದರು. ಒಬ್ಬನಾದರೂ ಕೆನ್ನೆಗೆ ಬಾರಿಸಿ ತಡೆಯಬಾರದಿತ್ತೇ ಎಂದು ಈಗ ಅನ್ನಿಸುತ್ತಿತ್ತು.

"ನನ್ ಕಾರು ಮಾರಲ್ಲ, ಎವರಾರ್ದೋ" ಎಂದಳು ಅವಳು.

"ಅದನ್ನಿಟ್ಕೊಂಡ್ರೆ ಲೆಕ್ಕ ಕೂಡಲ್ಲ."

ಹೇಳಬಹುದಾದ ಮಾತು ನೂರಿದ್ದವು. ಬಾಯಿಗೆ ಬಂದದ್ದು ಇದು.

"ಗೊತ್ತು. ಪಟ್ಟಿ ಓದಿದೀನಿ. ಒಂದಕ್ಷರ ತಪ್ಪಿಲ್ಲ."

"ಎಲ್ಲಿಗೆ ಹೋಗೋಕೆ ಬೇಕು ನಿಂಗದು?"

"ಎಲ್ಲಿಗೂ ಇಲ್ಲ. ಇರ್ಲಿ ಅಂತ."

"ಹೋದ್ರೂ ಮಂಗಳವಾರ ಹೋಗೋ ಹಾಗಿಲ್ಲ" ಎಂದ, ತಮಾಷೆಯೆಂಬಂತೆ.

"ಹೌದು. ಮಂಗಳವಾರ ಬಿಟ್ಟು."

ಹಿಂದಿನ ಸೀಟಿನಿಂದ ಉರಿಯೆಲ್ ಕೆಮ್ಮಿದ. "ಮೇಡಂ, ಹಳೇ ಕಾರಿಗೆ ಒಳ್ಳೇ ರೇಟು ಕೊಡಿಸ್ತೀನಿ. ನನ್ ಮಾತು ನಂಬಿ."

"ನಂಬ್ತೀನಪ್ಪ. ಇಲ್ಲೇ ಇಳ್ಕೋತೀನಿ, ಎವರಾರ್ದೋ. ಆಫೀಸಿಗೆ ಲೇಟಾಯ್ತು."

"ಇಲ್ಲೇನಾ? ಅರ್ಧ ದಾರೀಲಿ?"

"ನಿಂತೇ ಇದೆಯಲ್ಲ."

"ಸಂಜೆ ಕರ್ಕೊಂಡ್ಹೋಗೋಕೆ ಬರ್ಲಾ?"

"ನೋಡೋಣ."

ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು. ದುಬಾರಿ ಕಾರುಗಳ ಬಾಗಿಲು ಸಿಟ್ಟಿನಲ್ಲಿ ಎಳೆದರೂ ಬಡಿದುಕೊಳ್ಳುವುದಿಲ್ಲ. ಪಕ್ಕದ ಸೀಟಿನಲ್ಲಿ ಆಳಿದೆಯೆಂದು ತೋರಿಸುವ ದೀಪ ಆರಿತು. ಇಳಿದು ಅವಳ ಹಿಂದೆ ಓಡಬೇಕು ಅನ್ನಿಸಿತು ಅವನಿಗೆ. ಅಷ್ಟರಲ್ಲಿ ಮುಂದಿನ ವಾಹನ ಸರಿಯಿತು, ಹಿಂದಿನವನು ಹಾರನ್ ಒತ್ತಿದ. ಅವನು ಬ್ರೇಕಿನಿಂದ ಕಾಲು ತೆಗೆದ. ಕಾರು ಸದ್ದಿಲ್ಲದೆ ಇಳಿಜಾರಿನಲ್ಲಿ ಜಾರಿತು.

ಕನ್ನಡಿಯಲ್ಲಿ ನೋಡಿದ. ಗ್ರಿಸೆಲ್ದಾ ಕಾಲುದಾರಿಯ ಅಂಚಿನಲ್ಲಿ ನಿಂತು ಕೈ ಎತ್ತಿದಳು. ಅವನೂ ಎತ್ತಿದ. ಆಗ ಹಸಿರು ಮಿನಿಬಸ್ಸೊಂದು ಬಂದು ಅವಳ ಮುಂದೆ ನಿಂತಿತು.

"ಈಗ ಬ್ರೇಕ್ ಒತ್ತಿ ಮೇಷ್ಟ್ರೇ, ಪರದೆ ನೋಡಿ" ಎಂದ ಉರಿಯೆಲ್.

ಒತ್ತಿದ. ಪರದೆಯ ಮೇಲೊಂದು ಬಾಣ ಚಕ್ರದಿಂದ ಬ್ಯಾಟರಿಯ ಕಡೆಗೆ ಹಿಮ್ಮುಖವಾಗಿ ಓಡತೊಡಗಿತು.

"ನೋಡಿದ್ರಾ? ಬ್ರೇಕಲ್ಲಿ ಹಾಳಾಗೋದೆಲ್ಲ ವಾಪಸ್ ಬರುತ್ತೆ. ಏನೂ ದಂಡ ಆಗಲ್ಲ."

ಮಿನಿಬಸ್ಸು ಹಾರನ್ ಬಾರಿಸುತ್ತ ಪಕ್ಕದಲ್ಲೇ ದಾಟಿಹೋಯಿತು. ಕಿಟಕಿಯ ಗಾಜಿಗೆ ಒಂದು ತಲೆ ಆನಿಕೊಂಡಿತ್ತು. ಅವಳದೋ ಬೇರೆ ಯಾರದೋ, ಗೊತ್ತಾಗಲಿಲ್ಲ. ಅವನು ಬ್ರೇಕಿನ ಮೇಲಿನ ಕಾಲು ತೆಗೆದಿರಲಿಲ್ಲ. ಕಾರು ಪೂರ್ತಿ ನಿಂತಿತು, ಬಾಣವೂ ನಿಂತಿತು.

"ಹಾಗಾದ್ರೆ ಎಂಟು ವರ್ಷ ಅಂತಲೇ ಬರ್ಕೊಳ್ಳಲಾ?"

ಎವರಾರ್ದೋ ಪರದೆಯನ್ನೇ ನೋಡುತ್ತಿದ್ದ. ಕಾರಿನ ಬಾಹ್ಯರೇಖೆ ಬಿಡಿಸಿದ್ದರು. ಎಂಜಿನ್ನು, ಬ್ಯಾಟರಿ, ನಾಲ್ಕು ಚಕ್ರ, ಎಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು. ಒಳಗೆ ಯಾರನ್ನೂ ಬರೆದಿರಲಿಲ್ಲ. ಕೆಳಗೆ 'ಸಿದ್ಧ' ಎಂಬ ಹಸಿರು ಅಕ್ಷರ ಉರಿಯುತ್ತಿತ್ತು.