ಫೋನಿನೊಳಗಿನ ಅಸ್ತರು

ಆ ದಿನ ಬೆಳಿಗ್ಗೆ ಮಾವನ ಕೈ ನಡುಗುತ್ತಿರಲಿಲ್ಲ. ಸೊಸೆಗೆ ಅದು ಗೊತ್ತಾದದ್ದು ಟೀ ಲೋಟದಿಂದ. ಲೋಟ ಬಾಯಿಯವರೆಗೆ ಹೋಗಿ ಬಂದರೂ ಒಂದು ಹನಿ ಚೆಲ್ಲಿರಲಿಲ್ಲ. ಅವಳು ತಕ್ಷಣ ಮುಂದಿನ ಕೋಣೆಗೆ ಹೋದಳು. ಕತ್ತರಿಸುವ ಮೇಜು ಒರೆಸಿದಳು. ಅರ್ಧ ಹೊಲಿದ ಕೋಟನ್ನು ಗೊಂಬೆಗೆ ತೊಡಿಸಿದಳು. ಫೋನನ್ನು ಗುಂಡಿಗಳ ಡಬ್ಬಕ್ಕೆ ಒರಗಿಸಿ ನಿಲ್ಲಿಸಿದಳು.

ಆ ಮನೆಯ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ಮಾವನನ್ನು ಇಡೀ ಬೀದಿ ಕೋಟು ಮಾಸ್ತರ್ ಎಂದೇ ಕರೆಯುತ್ತಿತ್ತು. ಅವರ ಮಗ, ಅಂದರೆ ಸೊಸೆಯ ಗಂಡ, ಅಂಗಿ, ಪ್ಯಾಂಟು ಹೊಲಿಯುತ್ತಿದ್ದ. ಕೋಟು ಹೊಲಿಯುವಷ್ಟು ತಾಳ್ಮೆ ತನಗಿಲ್ಲ ಎಂದು ಅವನೇ ಒಪ್ಪಿಕೊಂಡಿದ್ದ. ತಾಳ್ಮೆ ಇದ್ದದ್ದು ಸೊಸೆಗೆ. ಆದರೆ ಅವಳು ಕಲಿಯಲು ಶುರುಮಾಡುವ ಹೊತ್ತಿಗೆ ಮಾವನ ಕೈ ನಡುಗಲು ಶುರುವಾಗಿತ್ತು. ನಡುಕ ಇನ್ನು ಹೆಚ್ಚಾಗಬಹುದು, ಕಡಿಮೆಯಂತೂ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

ಹಾಗಾಗಿ ಅವಳು ಒಂದು ದಾರಿ ಹುಡುಕಿದ್ದಳು. ಮಾವನ ಕೈ ಸುಮ್ಮನಿದ್ದ ದಿನ ಅವರು ಒಂದೊಂದು ಭಾಗ ಹೊಲಿಯುತ್ತಿದ್ದರು, ಅವಳು ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದಳು. ಎದೆಭಾಗಕ್ಕೆ ಒಳಗಿನಿಂದ ಬಿಗಿ ಕೊಡುವ ಕ್ಯಾನ್ವಾಸು, ಜೇಬು, ಕಾಲರು ಎಲ್ಲ ಆಗಿತ್ತು. ಉಳಿದದ್ದು ತೋಳು ಕೂರಿಸುವುದು. ತೋಳು ಸರಿಯಾಗಿ ಕೂರದಿದ್ದರೆ ಹೊಲಿದದ್ದು ಕೋಟಲ್ಲ, ಗುಂಡಿ ಇರುವ ಚೀಲ ಎಂದು ಮಾವ ಹೇಳುತ್ತಿದ್ದರು.

ಮಾವ ಮೇಜಿನ ಮುಂದೆ ನಿಂತು ಗುಂಡುಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡರು. ಸೊಸೆ ಕೆಂಪು ಚುಕ್ಕೆ ಒತ್ತಿದಳು. ಫೋನು, ಜಾಗ ಸಾಲದು ಎಂದಿತು. ಇನ್ನೊಮ್ಮೆ ಒತ್ತಿದಳು. ಮತ್ತೆ ಅದೇ ಮಾತು.

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಗಂಡ ತಲೆ ಎತ್ತಲೇ ಇಲ್ಲ.

"ನಾನು ಅವತ್ತೇ ಹೇಳಲಿಲ್ವಾ? ಆ ಫೋನ್ ಅಂಗಡಿಯವನು ಅಳತೆ ಕಡಿಮೆ ಕೊಟ್ಟಿದ್ದಾನೆ ಅಂತ."

ಅವನ ಸಿಟ್ಟಿಗೆ ಕಾರಣವಿತ್ತು. ಅಂಗಡಿಗೆ ಯಾವ ಬಟ್ಟೆ ಬಂದರೂ ಕತ್ತರಿ ಹಾಕುವ ಮೊದಲು ತನ್ನ ಟೇಪಿನಲ್ಲಿ ಇನ್ನೊಮ್ಮೆ ಅಳೆಯುವುದು ಅವನ ಪದ್ಧತಿ. ಫೋನು ತಂದ ದಿನವೂ ಹಾಗೇ ಮಾಡಿದ್ದ. ಡಬ್ಬದ ಮೇಲೆ ಅರವತ್ತನಾಲ್ಕು ಜಿಬಿ ಎಂದಿತ್ತು. ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ತೆಗೆದು ನೋಡಿದರೆ, ಒಂದೇ ಒಂದು ಫೋಟೋ ತೆಗೆಯುವ ಮೊದಲೇ ದೊಡ್ಡದೊಂದು ಭಾಗ ಮುಗಿದುಹೋಗಿತ್ತು. ಅದರ ಮುಂದೆ "ಸಿಸ್ಟಮ್" ಎಂದು ಬರೆದಿತ್ತು. ಆವತ್ತಿನಿಂದ ಅವನು ಫೋನ್ ಅಂಗಡಿಯವನ ಜೊತೆ ಮಾತು ಬಿಟ್ಟಿದ್ದ. ಎದುರಿಗೆ ಸಿಕ್ಕರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದ.

ಈಗ ಅವನಿಗೊಂದು ಉಪಾಯ ಹೊಳೆದಿತ್ತು. ಬೀದಿಯ ಮೂಲೆಯಲ್ಲಿ ಹೊಸದಾಗಿ ಫೋನ್ ರಿಪೇರಿ ಅಂಗಡಿ ಇಟ್ಟವನೊಬ್ಬ, ಕಂಪನಿ ತುಂಬಿದ್ದನ್ನೆಲ್ಲ ಕಿತ್ತುಹಾಕಿ ಅರವತ್ತನಾಲ್ಕನ್ನೂ ಪೂರ್ತಿ ಬಿಡಿಸಿಕೊಡುತ್ತೇನೆ ಎಂದಿದ್ದನಂತೆ. ಇವತ್ತೇ ಕೊಟ್ಟು ಬರುತ್ತೇನೆ ಎಂದು ಗಂಡ ಎದ್ದ. ವಿಡಿಯೋಗಳು ಉಳಿಯುತ್ತವಾ ಎಂದು ಸೊಸೆ ಕೇಳಿದಳು. ಅದನ್ನು ತಾನು ಕೇಳಿಲ್ಲ ಎಂದ. ಫೋನಿಗೆ ಕೈ ಹಾಕಿದ. ಸೊಸೆ ಫೋನನ್ನು ಬಿಡಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ನಿಂತದ್ದು ಕಂಡಿತು. ಪಕ್ಕದ ಬೀದಿಯಲ್ಲಿ ದೊಡ್ಡವರಿಗೆ ಸಂಜೆ ತರಗತಿ ನಡೆಸುವ ಕಂಪ್ಯೂಟರ್ ಮೇಡಂ, ಜಿಪ್ಪು ಹಾಕಲು ಕೊಟ್ಟಿದ್ದ ಬ್ಯಾಗನ್ನು ತೆಗೆದುಕೊಂಡು ಹೋಗಲು ಬಂದಿದ್ದರು. ಸೊಸೆ ಬ್ಯಾಗಿನ ಮಾತು ಬಿಟ್ಟು ಫೋನಿನ ಕಥೆಯನ್ನೇ ಹೇಳಿದಳು. ಮೇಡಂ ನಿಂತಲ್ಲೇ ಕೇಳಿಸಿಕೊಂಡರು.

"ಅವನ ಕೈಗೆ ಕೊಟ್ರೆ ಫೋನು ಖಾಲಿಯಾಗಿ ಬರುತ್ತಮ್ಮ," ಎಂದರು. "ಖಾಲಿ ಅಂದ್ರೆ ಪೂರ್ತಿ ಖಾಲಿ. ನಿಮ್ಮ ಮಾವನೂ ಇರಲ್ಲ ಅದರಲ್ಲಿ."

ಸೊಸೆ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಗಂಡ ಮಾತ್ರ ಸೋಲಲಿಲ್ಲ.

"ಮೇಡಂ, ನೀವು ಮೂರು ಮೀಟರ್ ಬಟ್ಟೆ ಕೊಡ್ತೀರ. ನಾನು ಒಂದು ಮೀಟರ್ ಒಳಗಿಟ್ಕೊಂಡ್ರೆ ನನ್ನನ್ನ ಏನಂತೀರ?"

"ಕಳ್ಳ ಅಂತೀನಿ."

"ಮತ್ತೆ ಫೋನಿನವನನ್ನ?"

ಮೇಡಂ ನಕ್ಕು ಸ್ಟೂಲಿನ ಮೇಲೆ ಕೂತರು. ಫೋನನ್ನು ನಡೆಸುವ ಒಂದು ವ್ಯವಸ್ಥೆ ಅದರೊಳಗೇ ಇರುತ್ತದೆ, ಸಿಸ್ಟಮ್ ಎಂದು ಕಾಣುವುದು ಬಹುಪಾಲು ಅದೇ ಎಂದು ಶುರುಮಾಡಿದರು. ಬೆರಳು ಎಲ್ಲಿ ತಾಗಿತು ಎಂದು ನೋಡುವುದು ಅದು. ಕ್ಯಾಮೆರಾವನ್ನು ಎಬ್ಬಿಸುವುದು, ಮಾವನ ದನಿಯನ್ನೂ ಚಿತ್ರವನ್ನೂ ಜೋಡಿಸಿ ಒಂದು ಕಡೆ ಇಡುವುದು, ಒಂದು ಆ್ಯಪ್ ಇನ್ನೊಂದರ ಸಾಮಾನಿಗೆ ಕೈ ಹಾಕದ ಹಾಗೆ ಕಾಯುವುದು, ಬ್ಯಾಟರಿ ಬಿಸಿಯಾದರೆ ಎಚ್ಚರಿಸುವುದು ಎಲ್ಲ ಅದೇ. ಅದಿಲ್ಲದಿದ್ದರೆ ಫೋನು ಬರೀ ಒಂದು ಗಾಜಿನ ತುಂಡು. ಇಷ್ಟೆಲ್ಲ ಮಾಡುವುದಕ್ಕೆ ಇರಲು ಜಾಗ ಬೇಕಲ್ಲ? ಕಿತ್ತು ಹಾಕಿ ಇನ್ನೊಂದನ್ನು ತುಂಬಿದರೆ, ಅದೂ ತನ್ನ ಜಾಗ ಕೇಳುತ್ತದೆ.

ಅಷ್ಟೊಂದು ಜಾಗ ಯಾಕೆ ಎಂದು ಗಂಡ ಕೇಳಿದ. ಮೇಡಂ ಉತ್ತರ ಯೋಚಿಸುತ್ತಿದ್ದರು. ಮಾವ ತುಟಿಯಲ್ಲಿದ್ದ ಪಿನ್ನುಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಗೊಂಬೆಯ ಮೈಮೇಲಿದ್ದ ಕೋಟನ್ನು ಬಿಡಿಸಿ, ಒಳಗು ಹೊರಗು ಮಾಡಿ ಮಗನ ಮುಂದೆ ಹರಡಿದರು.

"ಇದಕ್ಕೆ ಹೋದ ಬಟ್ಟೆಯೆಲ್ಲ ಹೊರಗೆ ಕಾಣುತ್ತೇನಪ್ಪಾ?"

ಮಗ ಇಲ್ಲ ಎಂದ.

"ಒಳಗಡೆ ಅಸ್ತರು ಇದೆ. ಎದೆಯೊಳಗೆ ಕ್ಯಾನ್ವಾಸು. ಜೇಬಿನ ಚೀಲ. ಹೊಲಿಗೆ ಪಕ್ಕದಲ್ಲಿ ಮಾರ್ಜಿನ್ನು. ತೊಟ್ಟವನು ಇದನ್ನ ಒಂದು ದಿನವೂ ನೋಡಲ್ಲ. ಇದಿಲ್ಲದೇ ಹೋದ್ರೆ ಒಂದು ದಿನವೂ ತೊಡಕ್ಕಾಗಲ್ಲ. ಇದನ್ನೆಲ್ಲ ನಾನು ಗಿರಾಕಿಯಿಂದ ಕದ್ದೆನಾ?"

ಮಗ ಅಸ್ತರನ್ನು ಬೆರಳಿನಿಂದ ಸವರುತ್ತ ಕೂತ.

ಮಾರ್ಜಿನ್ ಎಂಬ ಮಾತು ಕೇಳಿ ಮೇಡಂ ಮುಖ ಅರಳಿತು. ಮೈ ದಪ್ಪವಾದಾಗ ಬಿಚ್ಚಿ ಅಗಲ ಮಾಡಲು ದರ್ಜಿ ಬಟ್ಟೆ ಬಿಡುವ ಹಾಗೆ, ಮುಂದೆ ಬರುವ ತಿದ್ದುಪಡಿಗಳಿಗೆ, ಅಂದರೆ ಅಪ್‌ಡೇಟುಗಳಿಗೆ, ಫೋನೂ ಜಾಗ ಬಿಟ್ಟಿರುತ್ತದೆ ಎಂದರು. ಫೋನಿನೊಳಗೆ ನುಸುಳುವ ಹೊಸ ಕಳ್ಳದಾರಿ ಪತ್ತೆಯಾದಾಗ ಅದನ್ನು ಮುಚ್ಚುವುದು ಈ ಅಪ್‌ಡೇಟುಗಳೇ. ಕೆಲವು ಫೋನುಗಳಂತೂ ವ್ಯವಸ್ಥೆಯ ಮುಖ್ಯ ಭಾಗಕ್ಕೆ ಎರಡು ಪ್ರತಿ ಇಟ್ಟುಕೊಳ್ಳುತ್ತವೆ. ಒಂದು ಕೆಲಸ ಮಾಡುತ್ತಿರುವಾಗಲೇ ಇನ್ನೊಂದು ಸದ್ದಿಲ್ಲದೆ ಹೊಸದಾಗುತ್ತದೆ. ಹೊಸದು ಕೈಕೊಟ್ಟರೆ ಫೋನು ಹಳೆಯದಕ್ಕೇ ಹಿಂತಿರುಗುತ್ತದೆ.

ಮಾವ ಫೋನನ್ನು ಸೊಸೆಯ ಕೈಯಿಂದ ತೆಗೆದುಕೊಂಡು ಬಟ್ಟೆ ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು.

"ತೊಟ್ಟ ಕೋಟನ್ನ ಬಿಚ್ಚಿಸದೇ ಅಸ್ತರು ಬದಲಾಯಿಸ್ತಾರೆ ಅನ್ನಿ. ಯಾರೋ ಗಟ್ಟಿ ಮಾಸ್ತರು ಮೇಡಂ, ಇದನ್ನ ಹೊಲಿದವರು."

ಇನ್ನೊಂದು ವಿಷಯವನ್ನೂ ಮೇಡಂ ಮರೆಯದೆ ಹೇಳಿದರು. ಡಬ್ಬದ ಮೇಲಿನ ಲೆಕ್ಕದ ಅಳತೆಗೋಲು ಒಂದು, ಕೆಲವು ಫೋನುಗಳು ಒಳಗೆ ಬಳಸುವ ಅಳತೆಗೋಲು ಅದಕ್ಕಿಂತ ತುಸು ದೊಡ್ಡದು. ಅದರಿಂದಲೂ ಸಂಖ್ಯೆ ಕಡಿಮೆ ಕಾಣುತ್ತದೆ. ಇದು ಗಂಡನಿಗೆ ತಟ್ಟನೆ ಅರ್ಥವಾಯಿತು. ಒಂದೇ ಥಾನು ಬಟ್ಟೆಯನ್ನು ಗಜದಲ್ಲಿ ಅಳೆದರೆ ಒಂದು ಸಂಖ್ಯೆ, ಮೀಟರಿನಲ್ಲಿ ಅಳೆದರೆ ಅದಕ್ಕಿಂತ ಚಿಕ್ಕದು. ಬಟ್ಟೆ ಮಾತ್ರ ಅಷ್ಟೇ ಎಂದು ಅವನೇ ಹೇಳಿದ. ಆದರೆ ಮನಸ್ಸಿನಲ್ಲಿ ಇನ್ನೊಂದು ಮುಳ್ಳು ಉಳಿದಿತ್ತು.

"ಅದಿರಲಿ ಮೇಡಂ. ನಿನ್ನೆ ನಾನೇ ಒಂದು ದೊಡ್ಡ ವಿಡಿಯೋ ಅಳಿಸಿದೆ. ಒಂದು ಎಳೆಯಷ್ಟೂ ಜಾಗ ಆಗಲಿಲ್ಲ. ಇದಕ್ಕೇನಂತೀರ?"

ಯಾವ ವಿಡಿಯೋ ಎಂದು ಸೊಸೆ ಕೇಳಿದಳು. ಗಂಡ ಯಂತ್ರದ ಸೂಜಿಯನ್ನೇ ನೋಡಿದ.

"ಜೇಬಿಂದು. ನೀನು ಕಲ್ತಾಗಿತ್ತಲ್ಲ ಅಂತ..."

ಹೊಲಿದು ಮುಗಿದ ಕೋಟಿನ ಕಾಗದದ ಮಾದರಿಯನ್ನು ಹರಿದುಹಾಕುವ ಹಾಗೆ ಅವನು ಅದನ್ನು ಅಳಿಸಿದ್ದ. ಸೊಸೆ ಕೂಗಾಡಲಿಲ್ಲ. ಒಂದು ಸಲ ಮಾವನ ಕೈ ನೋಡಿದಳು. ಜೇಬಿನ ಬಾಯಿ ಕತ್ತರಿಸುವುದು ಕೋಟಿನಲ್ಲೇ ನಾಜೂಕಿನ ಕೆಲಸ, ಕತ್ತರಿ ಒಂದು ಎಳೆ ಆಚೀಚೆಯಾದರೆ ಇಡೀ ಎದೆಭಾಗ ಹಾಳು. ಮಾವ ಅದನ್ನು ಮತ್ತೆ ಮಾಡಲಾರರು ಎಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ಅವತ್ತು ಮಾವ ಹಾಡು ಗುನುಗ್ತಾ ಹೊಲಿದಿದ್ರು ರೀ," ಎಂದಳು. ಅಷ್ಟೇ.

ಮೇಡಂ ಫೋನು ಕೇಳಿ ತೆಗೆದುಕೊಂಡರು. ಫೋಟೋಗಳ ಜಾಗದಲ್ಲಿ ಮೂಲೆಯ ಒಂದು ಡಬ್ಬಿಯ ಗುರುತನ್ನು ಒತ್ತಿದರು. ಅಲ್ಲಿ ಮಾವನ ಕೈ, ಕತ್ತರಿ, ಬೂದು ಬಣ್ಣದ ಬಟ್ಟೆ, ಎಲ್ಲ ಇತ್ತು. ಅಳಿಸಿದ ಫೋಟೋ, ವಿಡಿಯೋಗಳನ್ನು ಅನೇಕ ಫೋನುಗಳು ತಕ್ಷಣ ಬಿಸಾಡುವುದಿಲ್ಲ, ಕೆಲವು ವಾರ ಕಸದ ಡಬ್ಬಿಯಲ್ಲಿ ಕಾದಿಡುತ್ತವೆ ಎಂದು ಅವರು ವಿವರಿಸಿದರು. ಜಾಗ ಆಗದೇ ಇದ್ದದ್ದು ಅದಕ್ಕೇ. ಮೋಸ ಎಂದು ಗಂಡ ತಿಳಿದದ್ದೇ ಆ ಜೇಬಿನ ವಿಡಿಯೋವನ್ನು ಉಳಿಸಿತ್ತು.

ಹಿಂತಿರುಗಿಸು ಎಂಬುದನ್ನು ಮೇಡಂ ಸೊಸೆಯ ಕೈಯಿಂದಲೇ ಒತ್ತಿಸಿದರು. ವಿಡಿಯೋ ತೆರೆದಾಗ ಮಾವನ ಗುನುಗು ಕೋಣೆಯಲ್ಲಿ ಕೇಳಿಸಿತು. ಮಾವ, ಶ್ರುತಿ ಒಂದು ಕಡೆ ತಾನೊಂದು ಕಡೆ ಎಂದು ತಮ್ಮನ್ನೇ ಹಾಸ್ಯ ಮಾಡಿಕೊಂಡರು. ಗಂಡ ಮುಖ ಒರೆಸಿಕೊಂಡು, ಅಳಿಸುವ ಮೊದಲು ಕೇಳಬೇಕಿತ್ತು ಎಂದ. ಕೇಳಬೇಕಿತ್ತು ಎಂದು ಸೊಸೆಯೂ ಒಪ್ಪಿದಳು.

ಮುಂದಿನ ಕೆಲಸ ಮೇಡಂ ಹೇಳಿದ ಕ್ರಮದಲ್ಲೇ ನಡೆಯಿತು. ಅವರು ಮನೆಗೆ ಹೋಗಿ ಲ್ಯಾಪ್‌ಟಾಪು, ವೈರು ತಂದರು. ಮೊದಲು ಮಾವನ ಎಲ್ಲ ವಿಡಿಯೋಗಳನ್ನೂ ಅದಕ್ಕೆ ನಕಲು ಮಾಡಿದರು. ನಕಲಾಯಿತು ಎಂದು ನಂಬಿ ಬಿಡಲಿಲ್ಲ, ಪ್ರತಿಯೊಂದನ್ನೂ ತೆರೆದು ನೋಡಿಸಿದರು. ಆಮೇಲೆ ಅಳಿಸುವ ಕೆಲಸ. ಗಂಡನ ಗೆಳೆಯರ ಗುಂಪಿನಿಂದ ಬಂದ ಶುಭೋದಯಗಳು, ನಗೆ ವಿಡಿಯೋಗಳು ಬೆಟ್ಟದಷ್ಟಿದ್ದವು.

"ಸಿಸ್ಟಮ್ಮು ಕದೀತು ಅಂದ್ರಲ್ಲ," ಎಂದಳು ಸೊಸೆ. "ನಿಮ್ಮ ಗೆಳೆಯರ ಬೆಳಗೇ ಇಷ್ಟು ಜಾಗ ತಿಂದಿದೆ ನೋಡಿ."

ಫೋನಿನ ಜೊತೆಗೇ ಬಂದು ಯಾರೂ ಮುಟ್ಟದ ಎರಡು ಆಟಗಳೂ ಹೋದವು. ಅಸ್ತರು ಬೇರೆ, ಮೇಲೆ ಅಂಟಿಸಿದ ಜರಿ ಬೇರೆ ಎಂದರು ಮೇಡಂ. ಆ್ಯಪ್‌ಗಳು ಕೂಡಿಟ್ಟ ತಾತ್ಕಾಲಿಕ ಚೂರುಗಳನ್ನು, ಅಂದರೆ ಕ್ಯಾಶೆಯನ್ನು, ತೆರವು ಮಾಡಿದರು. ಅದರ ಪಕ್ಕದಲ್ಲೇ ಇರುವ "ಡೇಟಾ ಅಳಿಸು" ಎಂಬುದನ್ನು ಮಾತ್ರ ಮುಟ್ಟಬೇಡಿ, ಅದು ಆ್ಯಪ್‌ನೊಳಗಿನ ನಿಮ್ಮ ಸ್ವಂತದ್ದನ್ನೂ ಒಯ್ಯಬಹುದು ಎಂದು ಮತ್ತೆ ಮತ್ತೆ ಎಚ್ಚರಿಸಿದರು. ಕಸದ ಡಬ್ಬಿಯನ್ನು ಖಾಲಿ ಮಾಡಿದ್ದು ಎಲ್ಲಕ್ಕಿಂತ ಕೊನೆಗೆ, ಅದರಲ್ಲಿ ಬೇಕಾದದ್ದು ಏನೂ ಉಳಿದಿಲ್ಲ ಎಂದು ನೋಡಿಕೊಂಡ ಮೇಲೆ.

ಸೊಸೆ ಕೆಂಪು ಚುಕ್ಕೆ ಒತ್ತಿದಳು. ಈ ಸಲ ಫೋನು ತಕರಾರು ಮಾಡಲಿಲ್ಲ.

ಮಾವ ಕೋಟನ್ನು ಮತ್ತೆ ಗೊಂಬೆಗೆ ತೊಡಿಸಿ, ತೋಳನ್ನು ಅದರ ಹೆಗಲಿಗೆ ಹಿಡಿದು, ಬಟ್ಟೆಯನ್ನು ಎಲ್ಲಿ ಸಡಿಲ ಬಿಡಬೇಕು, ಎಲ್ಲಿ ಬಿಡಬಾರದು ಎಂದು ಹೇಳುತ್ತ ಪಿನ್ನು ಹಾಕತೊಡಗಿದರು. ಹೆಗಲ ತುದಿಗೆ ಬಂದಾಗ ಬೆರಳು ಸ್ವಲ್ಪ ಅಲುಗಿತು. ಇನ್ನೊಂದು ಪಿನ್ನಿಗೆ ಇನ್ನೂ ಹೆಚ್ಚು ಅಲುಗಿತು. ಆಗ ಮಗ ಎದ್ದು ಬಂದ. ಕೋಟೆಂದರೆ ಮಾರು ದೂರ ಹೋಗುತ್ತಿದ್ದವನು ಅಪ್ಪನ ಎದುರಿಗೆ ನಿಂತು ಹೆಗಲ ಬಟ್ಟೆಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದ.

"ಹೇಳಪ್ಪಾ. ಎಲ್ಲಿ ಹಿಡೀಬೇಕು?"

"ಅಲ್ಲೇ. ಎಳೀಬೇಡ. ಅದಕ್ಕೆ ಎಲ್ಲಿ ಬೀಳಬೇಕು ಅನ್ಸುತ್ತೋ ಅಲ್ಲಿ ಬೀಳಲಿ, ಬಿಡು."

ತೋಳು ಕೂತಿತು. ಕೋಟು ಗೊಂಬೆಯ ಮೇಲೆ ಒಂದು ಸುಕ್ಕಿಲ್ಲದೆ ನಿಂತಿತು. ಆ ವಿಡಿಯೋದಲ್ಲಿ ಅಪ್ಪನ ಕೈಯೂ ಇದೆ, ಮಗನ ಕೈಯೂ ಇದೆ. ಅದು ಈಗ ಫೋನಿನಲ್ಲಿ ಒಂದು, ಆಮೇಲೆ ಗಂಡ ಕೊಂಡು ತಂದ ಮೆಮೊರಿ ಕಾರ್ಡಿನಲ್ಲಿ ಒಂದು, ಮೇಡಂ ಲ್ಯಾಪ್‌ಟಾಪಿನಲ್ಲಿ ಒಂದು, ಹೀಗೆ ಮೂರು ಕಡೆ ಇದೆ. ಸೊಸೆ ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತ ತನ್ನ ಮೊದಲ ಕೋಟಿಗೆ ತೋಳು ಕೂರಿಸುತ್ತಿದ್ದಾಳೆ.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಫೋನಿನಲ್ಲಿ ಸಿಸ್ಟಮ್ ಎಂದು ಕಂಡ ಜಾಗ ಕಳುವಾದದ್ದಲ್ಲ, ನಿಮಗಾಗಿ ದುಡಿಯುತ್ತಿರುವುದು. ಅದನ್ನು ಕಿತ್ತು ಕೊಡುತ್ತೇವೆ ಎನ್ನುವವರ ಕೈಗೆ ಫೋನು ಕೊಡಬೇಡಿ. ಒಂದೇ ಏಟಿಗೆ ಎಲ್ಲ ಚೊಕ್ಕ ಮಾಡುತ್ತೇವೆ ಎನ್ನುವ ಆ್ಯಪ್‌ಗಳನ್ನೂ ನಂಬಬೇಡಿ. ಹೊಸ ಫೋನು ಕೊಳ್ಳುವಾಗ ಡಬ್ಬದ ಮೇಲಿನ ಸಂಖ್ಯೆಯ ಜೊತೆಗೆ, ನಮ್ಮ ಕೈಗೆ ಎಷ್ಟು ಉಳಿಯುತ್ತದೆ ಎಂದೂ ಕೇಳಿ. ಪೂರ್ತಿ ತುಂಬುವವರೆಗೆ ಕಾಯದೆ ಯಾವಾಗಲೂ ಸ್ವಲ್ಪ ಜಾಗ ಬಿಟ್ಟಿರಿ. ಎಲ್ಲ ಫೋನುಗಳಲ್ಲಿ ಹೆಸರುಗಳು ಒಂದೇ ರೀತಿ ಇರುವುದಿಲ್ಲ. ಒತ್ತುವ ಮೊದಲು ಸಂದೇಹ ಬಂದರೆ ತಿಳಿದವರನ್ನು ಕೇಳಿ, ಅದರಲ್ಲಿ ನಾಚಿಕೆಯೇನೂ ಇಲ್ಲ.

ನಿಮ್ಮ ಫೋನಿನಲ್ಲೂ ಇನ್ನೊಮ್ಮೆ ಸಿಗದ ಒಂದು ಕೈ, ಒಂದು ದನಿ ಇರಬಹುದು. ಏನನ್ನಾದರೂ ಅಳಿಸುವ ಮೊದಲು ಅದನ್ನು ಹುಡುಕಿ. ಇವತ್ತೇ ಅದರ ಇನ್ನೊಂದು ಪ್ರತಿ ಮಾಡಿ ಬೇರೆ ಕಡೆ ಇಡಿ.