ಮೂವತ್ತೊಂಬತ್ತು ಹಲ್ಲಿನ ಕ್ರೌನು

ಚಕ್ರದ ವಿಷಯದಲ್ಲಿ ಇಟ್ಟಮಡುವಿನ ಬೋರಣ್ಣ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಮೀಸೆ ಮೂಡುವ ಮೊದಲೇ ಎತ್ತಿನ ಗಾಡಿ ಹೊಡೆದವನು, ಚಕ್ರ ಎಷ್ಟೆತ್ತರ ಇರಬೇಕೆಂದು ಬಡಗಿಗೇ ಬುದ್ಧಿ ಹೇಳಿದವನು. ಹಾಗಾಗಿ ೧೯೮೧ರ ಬೇಸಗೆಯಲ್ಲಿ ತನ್ನ ಪಿಕಪ್ ಗಾಡಿಗೆ ದೊಡ್ಡ ಟೈರು ಹಾಕಿಸಿಕೊಂಡು ಬಂದಾಗ ಹೆಂಡತಿ ಅಂಜನಮ್ಮನನ್ನೂ ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಅವಳು ಬೇಡ ಅನ್ನುತ್ತಿದ್ದಳು. ಅವಳು ಎಲ್ಲಕ್ಕೂ ಮೊದಲು ಬೇಡ ಅನ್ನುವವಳೇ, ಅದರಲ್ಲಿ ಅರ್ಧ ಸಲ ಸರಿಯೂ ಇರುತ್ತಿತ್ತು.

ಹೊಲವೆಲ್ಲ ಬನಶಂಕರಿ ಮೂರನೇ ಹಂತದ ಬಡಾವಣೆಗೆ ಹೋಗಿತ್ತು. ಬಂದ ಪರಿಹಾರದಲ್ಲಿ ಬೋರಣ್ಣ ಮಿಲಿಟರಿಯವರು ಹರಾಜು ಹಾಕಿದ ಹಳೇ ಪಿಕಪ್ ಕೊಂಡು, ಐವತ್ತರ ಹತ್ತಿರದ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತ. ತಲಘಟ್ಟಪುರದ ಆಚೆಯ ಕಲ್ಲುಕ್ವಾರಿಯಿಂದ ಸೈಜುಗಲ್ಲು ತುಂಬಿಕೊಂಡು ಬಂದು, ಮನೆ ಕಟ್ಟಿಸುವ ಕಂಟ್ರಾಕ್ಟರ್ ಜಯದೇವಪ್ಪನ ಸೈಟುಗಳಿಗೆ ಸುರಿಯುವುದು ಅವನ ಕೆಲಸ. ಕ್ವಾರಿಯ ದಾರಿ ದಾರಿಯೇ ಅಲ್ಲ, ಬರೀ ಬಂಡೆ. ಗಾಡಿಯ ಹೊಟ್ಟೆ ಕಲ್ಲಿಗೆ ತಾಗಿ ತಾಗಿ ಒಮ್ಮೆ ಆಯಿಲ್ಲೆಲ್ಲ ಸೋರಿಹೋಯಿತು. ಎತ್ತರದ ಚಕ್ರ ಹಾಕಿದರೆ ಹೊಟ್ಟೆಯೂ ತಾಗುವುದಿಲ್ಲ, ಎಳೆತವೂ ಹಗುರವಾಗುತ್ತದೆ ಎಂದು ಬೋರಣ್ಣ ಲೆಕ್ಕ ಹಾಕಿದ. ಚಕ್ರ ದೊಡ್ಡದಾದಷ್ಟೂ ಎತ್ತಿಗೆ ಸಲೀಸು. ಇದು ಗಾಡಿ ಹೊಡೆದ ಯಾರಿಗೂ ಗೊತ್ತಿರುವ ಸತ್ಯ. ಆ ಸತ್ಯವೇ ಅವನ ಕುತ್ತಿಗೆಗೆ ಬಂತು.

ಹೊಟ್ಟೆ ತಾಗುವುದೇನೋ ನಿಂತಿತು. ಆದರೆ ಲೋಡು ತುಂಬಿದ ಗಾಡಿ ಕ್ವಾರಿಯ ಗುಂಡಿಯಿಂದ ಮೇಲೆ ಹತ್ತುವ ದಿಬ್ಬದ ಅರ್ಧಕ್ಕೆ ಬಂದು ಏದುಸಿರು ಬಿಟ್ಟು ನಿಂತೇಬಿಟ್ಟಿತು. ಎರಡನೇ ಸಲ ಕ್ಲಚ್ಚು ಸುಟ್ಟ ವಾಸನೆ ಬಂತು. ಮೂರನೇ ಸಲ ಅರ್ಧ ಕಲ್ಲು ಅಲ್ಲೇ ಇಳಿಸಿ ಮೇಲೆ ಹತ್ತಿಸಿ, ಉಳಿದದ್ದನ್ನು ತಲೆಯ ಮೇಲೆ ಹೊರಿಸಿದ್ದಾಯಿತು. ದಿನಕ್ಕೆ ಮೂರು ಲೋಡು ಹೊಡೆಯುತ್ತಿದ್ದವನು ಒಂದಕ್ಕೆ ಇಳಿದ.

ಶುಕ್ರವಾರ ಜಯದೇವಪ್ಪ ಅವನನ್ನು ಕರೆದು ಕೂರಿಸಿಕೊಂಡ. ಕೆಟ್ಟ ಮನುಷ್ಯನಲ್ಲ, ಅದೇ ಕಷ್ಟ.

“ಸೋಮವಾರದಿಂದ ಮೂರು ಲೋಡು ಬರ್ಲೇಬೇಕು ಬೋರಣ್ಣೋರೆ. ಆಗಲ್ಲ ಅಂದ್ರೆ ಹೇಳ್ಬಿಡಿ, ಲಾರಿಯವನಿಗೆ ಕೊಡ್ತೀನಿ. ನಿಮ್ಮನ್ನೇನೂ ಕೈಬಿಡಲ್ಲ ನಾನು. ಇಲ್ಲೇ ವಾಚ್‌ಮನ್ ಬೇಕಾಗಿದೆ. ಶೆಡ್ಡು ಕೊಡ್ತೀನಿ, ಗಂಡ ಹೆಂಡ್ತಿ ಇಬ್ಬರೂ ಇರಿ.”

ಇಲ್ಲೇ ಎಂದರೆ ಬೋರಣ್ಣನ ಮೂಡಲ ಹೊಲದಲ್ಲೇ. ಅಪ್ಪ ರಾಗಿ ಬಿತ್ತಿದ ನೆಲದಲ್ಲಿ ಖಾಕಿ ಅಂಗಿ ತೊಟ್ಟು, ಬೇರೆಯವರ ಸಿಮೆಂಟು ಮೂಟೆ ಕಾಯುವುದು! ಸೋಮವಾರ ನೋಡೋಣ ಎಂದಷ್ಟೇ ಹೇಳಿ ಬೋರಣ್ಣ ಎದ್ದು ಬಂದ.

ಊರಲ್ಲಿ ಗಾಡಿ ರಿಪೇರಿ ಬಲ್ಲವನು ಪಿಳ್ಳಣ್ಣ ಒಬ್ಬನೇ. ಮಿಲಿಟರಿ ವರ್ಕ್‌ಶಾಪಿನಲ್ಲಿ ಹದಿನೈದು ವರ್ಷ ದುಡಿದು ಬಂದು, ಹೊಂಗೆ ಮರದ ಕೆಳಗೆ ಶೆಡ್ಡು ಹಾಕಿಕೊಂಡಿದ್ದ. ಅವನ ಅಪ್ಪ ದಾಸಪ್ಪ ಬೋರಣ್ಣನ ಮನೆಯಲ್ಲಿ ನಲವತ್ತು ವರ್ಷ ಆಳಾಗಿ ಗೇಯ್ದವನು. ಇದೇ ಕಾರಣಕ್ಕೆ ಬೋರಣ್ಣ ಇಷ್ಟು ದಿನ ಆ ಶೆಡ್ಡಿನ ಕಡೆ ತಲೆ ಹಾಕಿರಲಿಲ್ಲ. ನಮ್ಮ ಆಳಿನ ಮಗನ ಹತ್ತಿರ ಹೋಗಿ ಕೈಕಟ್ಟಿ ನಿಲ್ಲುವುದೇ ಎಂಬ ಬಿಂಕ. ಬಿಂಕಕ್ಕೆ ದಿಬ್ಬ ಹತ್ತಿಸುವ ಶಕ್ತಿ ಇದ್ದಿದ್ದರೆ ಅವನು ಶನಿವಾರ ಬೆಳಿಗ್ಗೆಯೂ ಹೋಗುತ್ತಿರಲಿಲ್ಲ.

ಪಿಳ್ಳಣ್ಣ ಎಲ್ಲವನ್ನೂ ಕೇಳಿಸಿಕೊಂಡ. ನಗಲಿಲ್ಲ. ಬೋರಣ್ಣ ಅದನ್ನು ಗಮನಿಸಿದ.

“ಬೋರಣ್ಣೋರೆ, ಎತ್ತಿನಗಾಡಿ ಕೆಸರಲ್ಲಿ ಹೂತ್ಕೊಂಡಾಗ ಚಕ್ರಾನ ಎಲ್ಲಿ ಹಿಡಿದು ತಿರುಗಿಸ್ತಿದ್ರಿ?”

“ಅಂಚಲ್ಲಿ. ಇನ್ನೆಲ್ಲಿ ಹಿಡೀತಾರೆ?”

“ನಡುವಿನ ಗುಂಬದ ಹತ್ರ ಹಿಡಿದ್ರೆ?”

“ಭೀಮ ಬಂದ್ರೂ ಅಲ್ಲಾಡಲ್ಲ.”

“ಎತ್ತು ನೊಗ ಎಳೆಯುತ್ತೆ, ಚಕ್ರ ಸುಮ್ನೆ ಉರುಳುತ್ತೆ. ಅದಕ್ಕೇ ದೊಡ್ಡದಾದ್ರೆ ಸಲೀಸು. ಇಂಜಿನ್ನು ಹಂಗಲ್ಲ. ಗುಂಬ ಹಿಡ್ಕೊಂಡೇ ತಿರುಗಿಸ್ಬೇಕು. ನೀವು ಅಂಚನ್ನ ಇನ್ನೂ ದೂರ ತಳ್ಳಿಬಿಟ್ರಿ.”

ಬೋರಣ್ಣ ತನ್ನ ಅಂಗೈ ನೋಡಿಕೊಂಡ. ಮೂವತ್ತು ವರ್ಷ ಆ ಕೈ ಚಕ್ರದ ಅಂಚನ್ನೇ ಹಿಡಿದಿತ್ತು, ಯಾಕೆಂದು ಒಮ್ಮೆಯೂ ಯೋಚಿಸಿರಲಿಲ್ಲ.

“ಹಂಗಾದ್ರೆ ಹಳೇ ಟೈರೇ ಹಾಕ್ಬೇಕಾ? ಅದನ್ನ ಎಕ್ಸ್‌ಚೇಂಜಲ್ಲಿ ಕೊಟ್ಬಿಟ್ಟೆ ಕಣಯ್ಯಾ.”

“ಟೈರು ತಪ್ಪಲ್ಲ. ಆ ದಾರಿಗೆ ಅದೇ ಸರಿ. ಹಿಂದಿನ ಆಕ್ಸಲ್ಲಲ್ಲಿರೋ ಹಲ್ಲುಚಕ್ರ ಬದಲಾಯಿಸ್ಬೇಕು ಅಷ್ಟೇ.”

ಟೈರು ತಪ್ಪಲ್ಲ ಎಂಬ ಆ ಮಾತಿಗೆ ಬೋರಣ್ಣನ ಜೀವ ತಣ್ಣಗಾಯಿತು. ತಪ್ಪು ಮಾಡಿದವನಿಗೆ ಪೂರ್ತಿ ತಪ್ಪು ಮಾಡಿಲ್ಲ ಎಂದು ಹೇಳುವವರು ಎಷ್ಟು ಜನ ಸಿಗುತ್ತಾರೆ? ಪಿಳ್ಳಣ್ಣ ಆಗಲೇ ಟೈರಿನ ಸುತ್ತ ದಾರ ಹಿಡಿದು ಅಳೆಯುತ್ತಿದ್ದ. ಹಳೇ ಟೈರಿಗಿಂತ ಹೊಸದು ಏಳರಲ್ಲಿ ಒಂದು ಪಾಲು ದೊಡ್ಡದು. ಆಕ್ಸಲ್ ಬಿಚ್ಚಿ ಒಳಗಿನ ದೊಡ್ಡ ಹಲ್ಲುಚಕ್ರಕ್ಕೆ ಸುಣ್ಣದ ಗುರುತು ಹಾಕಿ ಹಲ್ಲು ಎಣಿಸಿದ. ಅದೇ ಕ್ರೌನು, ನಲವತ್ತೊಂದು ಹಲ್ಲು. ಅದನ್ನು ತಿರುಗಿಸುವ ಚಿಕ್ಕ ಪಿನಿಯನ್ನಿಗೆ ಹತ್ತು. ಅಂದರೆ ಇಂಜಿನ್ನಿನಿಂದ ಬರುವ ಶಾಫ್ಟು ನಾಲ್ಕು ಸುತ್ತಿಗಿಂತ ಚೂರು ಜಾಸ್ತಿ ತಿರುಗಿದರೆ ಚಕ್ರ ಒಂದು ಸುತ್ತು.

ಮಧ್ಯಾಹ್ನದ ಹೊತ್ತಿಗೆ ಪಿಳ್ಳಣ್ಣ ಕಲಾಸಿಪಾಳ್ಯದ ಹಳೇ ಸಾಮಾನಿನ ಅಂಗಡಿಯಿಂದ ಎರಡು ಜೊತೆ ತಂದು ಗೋಣಿಚೀಲದ ಮೇಲಿಟ್ಟ. ಒಂದೊಂದು ಕ್ರೌನಿಗೂ ಅದರದೇ ಪಿನಿಯನ್ನನ್ನು ತಂತಿಯಲ್ಲಿ ಕಟ್ಟಿತ್ತು. ಗಂಡ ಹೆಂಡಿರಂತೆ ಒಟ್ಟಿಗೇ ಸವೆದವು, ಅದಲುಬದಲು ಮಾಡುವಂತಿಲ್ಲ ಎಂದ. ಒಂದು ಜೊತೆಯಲ್ಲಿ ಮೂವತ್ತೊಂಬತ್ತಕ್ಕೆ ಎಂಟು, ಇನ್ನೊಂದರಲ್ಲಿ ನಲವತ್ಮೂರಕ್ಕೆ ಎಂಟು.

“ಟೈರು ದೊಡ್ಡದಾದ ಲೆಕ್ಕಕ್ಕೆ ನಮಗೆ ಬೇಕಾಗಿರೋದು ನಾಲ್ಕೂಮುಕ್ಕಾಲು ಸುತ್ತು. ಮೂವತ್ತೊಂಬತ್ತರದ್ದು ಐದಕ್ಕೆ ಚೂರು ಕಮ್ಮಿ ಕೊಡುತ್ತೆ. ಇನ್ನೊಂದು ಐದೂಕಾಲು ದಾಟುತ್ತೆ.”

“ಯಾವುದಕ್ಕೆ ಶಕ್ತಿ ಜಾಸ್ತಿ?”

“ನಲವತ್ಮೂರಕ್ಕೆ.”

“ಅದನ್ನೇ ಹಾಕು ಮತ್ತೆ. ಕೇಳೋದೇನಿದೆ?”

“ಅದು ಹಾಕಿದ್ರೆ ಗೋಡೆ ಬೇಕಾದ್ರೂ ಹತ್ತುತ್ತೆ. ಆದ್ರೆ ಕನಕಪುರ ರಸ್ತೇಲಿ ಇಂಜಿನ್ನು ಅರಚ್ಕೊಂಡು ನಿಧಾನಕ್ಕೆ ಹೋಗುತ್ತೆ. ಎರಡೇ ಲೋಡು. ನಿಮಗೆ ಮೂರು ಬೇಕಲ್ವಾ?”

“ಇದು ದಿಬ್ಬ ಹತ್ತದೇ ಹೋದ್ರೆ ಒಂದು ಲೋಡೂ ಇಲ್ಲ. ನಿನ್ ಲೆಕ್ಕ ಆ ದಿಬ್ಬ ನೋಡಿದ್ಯಾ?”

“ಲೆಕ್ಕ ನೋಡಿಲ್ಲ, ನಾನು ನೋಡಿದೀನಿ. ನಿಮ್ಮ ಗಾಡಿ ನಿಂತೋಯ್ತು ಅಂತ ಕೇಳ್ದೆ. ಮೊನ್ನೆ ಸೈಕಲ್ಲಲ್ಲಿ ಹೋಗಿ ದಿಬ್ಬ ಅಳೆದುಕೊಂಡು ಬಂದೆ. ನೀವು ಬಂದ್ರೂ ಬರಬಹುದು ಅಂತ.”

ಬೋರಣ್ಣ ನಲವತ್ಮೂರರ ಜೊತೆಯನ್ನು ಗೋಣಿಚೀಲದ ಅಂಚಿಗೆ ಸರಿಸಿದ. ತಾನು ಬಿಂಕ ಹೊತ್ತು ಮನೆಯಲ್ಲಿ ಕೂತಿದ್ದಾಗ ಈ ಮನುಷ್ಯ ತನಗಾಗಿ ಬಿಸಿಲಲ್ಲಿ ಅಷ್ಟು ದೂರ ಸೈಕಲ್ ತುಳಿದಿದ್ದ, ಅದೂ ಕರೆಯದೆ. ಆಯ್ತು, ನೀನು ಹೇಳಿದ್ದನ್ನೇ ಹಾಕು ಎಂದ. ಚಕ್ರದ ವಿಷಯದಲ್ಲಿ ಅವನು ಇನ್ನೊಬ್ಬರ ಮಾತು ಕೇಳಿದ್ದು ಅದೇ ಮೊದಲು.

ಭಾನುವಾರ ಮಧ್ಯಾಹ್ನ ಇಬ್ಬರೂ ಕ್ವಾರಿಗೆ ಹೋದರು. ಆವತ್ತು ಕೆಲಸಕ್ಕೆ ರಜೆ, ನರಪಿಳ್ಳೆ ಇಲ್ಲ. ಕಲ್ಲನ್ನು ಇಬ್ಬರೇ ತುಂಬಿದರು. ಗೇರಿನ ಹಲ್ಲು ಸರಿಯಾಗಿ ಕೂತಿದೆಯೋ ಇಲ್ಲವೋ ಕಾಲಿಗೇ ಗೊತ್ತಾಗುತ್ತದೆ, ಮೊದಲ ಸಲ ನಾನೇ ಓಡಿಸುತ್ತೇನೆ ಎಂದ ಪಿಳ್ಳಣ್ಣ.

“ಅರ್ಧ ದಿಬ್ಬದಲ್ಲಿ ಬೇಕಂತಲೇ ನಿಲ್ಲಿಸ್ತೀನಿ. ನಿಂತ ಜಾಗದಿಂದ ಮತ್ತೆ ಎದ್ರೇನೇ ಗೇರು ಸರಿ ಅಂತ ಅರ್ಥ. ಆದ್ರೆ ಇಷ್ಟು ಲೋಡಿಗೆ ಹ್ಯಾಂಡ್‌ಬ್ರೇಕು ನಿಲ್ಲಲ್ಲ. ಚಕ್ರದ ಹಿಂದೆ ಕಲ್ಲು ಕೊಡೋಕೆ ಯಾರಾದ್ರೂ ಬೇಕಿತ್ತು.”

ಹೇಳಿ ಅವನು ಆಚೆ ಈಚೆ ನೋಡಿದ. ಬೋರಣ್ಣನ ಕಡೆ ಮಾತ್ರ ನೋಡಲಿಲ್ಲ.

ಯಾಕೆ ನೋಡಲಿಲ್ಲ ಎಂಬುದು ಬೋರಣ್ಣನಿಗೆ ಗೊತ್ತಿತ್ತು. ಏರಿನಲ್ಲಿ ಗಾಡಿಯ ಹಿಂದೆ ಕಲ್ಲು ಹೊತ್ತು ನಡೆಯುವುದು ಆಳಿನ ಕೆಲಸ. ನಲವತ್ತು ವರ್ಷ ಆ ಕೆಲಸ ಮಾಡಿದವನು ದಾಸಪ್ಪ. ಒಮ್ಮೆ ಬನಶಂಕರಿ ಗುಡಿಯ ಹತ್ತಿರದ ಏರಿನಲ್ಲಿ ಎತ್ತು ಒಂದು ಹೆಜ್ಜೆ ಹಿಂದೆ ಸರಿದು, ದಾಸಪ್ಪನ ಬಲಗೈಯ ಎರಡು ಬೆರಳು ಕಲ್ಲಿಗೂ ಚಕ್ರಕ್ಕೂ ನಡುವೆ ಸಿಕ್ಕಿ ಜಜ್ಜಿಹೋಗಿದ್ದವು. ಮೂಗುದಾರ ಹಿಡಿದಿದ್ದವನು ಬೋರಣ್ಣನೇ. ದಾಸಪ್ಪನ ಮನೆಗೆ ಎರಡು ಸೇರು ರಾಗಿ ಕಳಿಸಿ ಬೋರಣ್ಣನ ಅಪ್ಪ ಆ ಮಾತನ್ನು ಮುಗಿಸಿದ್ದ. ಬೋರಣ್ಣನೂ ಮುಗಿಯಿತು ಎಂದುಕೊಂಡಿದ್ದ.

“ನಾನು ಕೊಡ್ತೀನಿ ಕಲ್ಲು,” ಎಂದ ಬೋರಣ್ಣ.

ಪಿಳ್ಳಣ್ಣ ತಾನೇ ಹುಡುಕಿ ಒಂದು ಕಲ್ಲು ಆರಿಸಿಕೊಟ್ಟ.

“ಚಕ್ರದ ಹಿಂದೆ ನೇರ ಬರ್ಬೇಡಿ, ಪಕ್ಕದಲ್ಲಿ ಬನ್ನಿ. ಕಲ್ಲಿನ ಮೇಲೆ ಕೈ ಇಡ್ಬೇಡಿ, ಬದಿಯಿಂದ ತಳ್ಳಿ. ಅಪ್ಪ ಹೇಳಿಕೊಟ್ಟಿದ್ದು. ಬೆರಳು ಹೋದಮೇಲೆ ಕಲಿತದ್ದಂತೆ.”

ಗಾಡಿ ಹೊರಟಿತು. ಕಲ್ಲು ಹೊತ್ತು ಬೋರಣ್ಣ ಪಕ್ಕದಲ್ಲಿ ಬಗ್ಗಿ ನಡೆದ. ಧೂಳು ಮುಖಕ್ಕೆ, ಹೊಗೆ ಮೂಗಿಗೆ, ಸೊಂಟ ಹತ್ತೇ ಹೆಜ್ಜೆಗೆ ಬೇಡ ಎಂದಿತು. ಅರ್ಧ ದಿಬ್ಬದಲ್ಲಿ ಗಾಡಿ ನಿಂತಿತು. ಬೋರಣ್ಣ ಕಲ್ಲನ್ನು ಬದಿಯಿಂದ ತಳ್ಳಿ ಕೈ ಎಳೆದುಕೊಂಡದ್ದೇ, ಅಷ್ಟೂ ಭಾರ ಗೇಣುದ್ದ ಹಿಂದೆ ಸರಿದು ಕಲ್ಲಿನ ಮೇಲೆ ಕೂತಿತು. ಕಲ್ಲು ಕರಕರ ಎಂದಿತು. ಅವನ ಬೆರಳು ಅಲ್ಲಿಂದ ನಾಲ್ಕು ಅಂಗುಲ ದೂರದಲ್ಲಿದ್ದವು.

ಇಂಜಿನ್ನು ಗುರುಗುಟ್ಟಿತು. ಅರಚಲಿಲ್ಲ, ಕ್ಲಚ್ಚಿನ ವಾಸನೆ ಬರಲಿಲ್ಲ. ದೊಡ್ಡ ಚಕ್ರ ಒಂದು ಕ್ಷಣ ಯೋಚಿಸಿದಂತೆ ಮಾಡಿ ಕಲ್ಲನ್ನು ಬಿಟ್ಟು ಮೇಲೆದ್ದಿತು. ನೋಡನೋಡುತ್ತ ಗಾಡಿ ದಿಬ್ಬದ ತಲೆಗೆ ಹೋಗಿ ನಿಂತಿತು. ಬೋರಣ್ಣ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಸಂತೋಷಕ್ಕೆ ಅಳು ಬಂತು ಎಂದರೆ ಅರ್ಧ ನಿಜ. ಉಳಿದರ್ಧ ಬೇರೆಯದೇ ಆಗಿತ್ತು.

ಸೋಮವಾರ ಹೊತ್ತು ಮುಳುಗುವ ಮೊದಲೇ ಮೂರನೇ ಲೋಡು ಮೂಡಲ ಹೊಲದ ಸೈಟಿಗೆ ಬಿತ್ತು. ವಾಚ್‌ಮನ್ ಕೆಲಸಕ್ಕೆ ಬೇರೆಯವರನ್ನು ನೋಡ್ತೀನಿ ಬಿಡಿ ಎಂದು ಜಯದೇವಪ್ಪ ನಕ್ಕ. ಬೋರಣ್ಣ ಖಾಲಿ ಗಾಡಿಯನ್ನು ಮನೆಗೆ ತಿರುಗಿಸದೆ ಸೀದಾ ದಾಸಪ್ಪನ ಕೇರಿಗೆ ತಂದು ನಿಲ್ಲಿಸಿದ.

ಪಿಳ್ಳಣ್ಣ ಇನ್ನೂ ಶೆಡ್ಡಿನಿಂದ ಬಂದಿರಲಿಲ್ಲ. ದಾಸಪ್ಪ ಜಗಲಿಯ ಮೇಲೆ ಕೂತು ಹುಣಸೆಕಾಯಿ ಸುಲಿಯುತ್ತಿದ್ದ. ಎರಡು ಬೆರಳು ಮಡಚದ ಕೈಗೆ ಕಾಯಿ ಜಾರಿ ಜಾರಿ ಬೀಳುತ್ತಿತ್ತು. ಬೋರಣ್ಣ ಬೀದಿಯಲ್ಲೇ ನಿಂತ. ಕೆಲಸಕ್ಕೆ ಕರೆಯಲು ಬಂದಾಗಲೆಲ್ಲ ಅಲ್ಲೇ ನಿಂತು ಕೂಗಿ ಅಭ್ಯಾಸ.

“ದಾಸಪ್ಪ, ನಿನ್ನೆ ಗಾಡಿ ಹಿಂದೆ ಕಲ್ಲು ನಾನು ಕೊಟ್ಟೆ.”

“ಪಿಳ್ಳ ಹೇಳ್ದ.”

“ಒಂದೇ ದಿಬ್ಬ. ಅಷ್ಟಕ್ಕೇ ಜೀವ ಬಾಯಿಗೆ ಬಂತು. ನೀನು ನಲವತ್ತು ವರ್ಷ ಕೊಟ್ಟೆ. ನಮ್ಮ ರಾಗಿ, ನಮ್ಮ ಬೆಲ್ಲ, ಎಲ್ಲಾ ನಿನ್ನ ಕೈ ಮೇಲೇ ಏರು ಹತ್ತಿದ್ದು. ಉಪಕಾರ ಆಯ್ತು ಅಂತ ನಾನು ಒಂದು ದಿನ ಹೇಳ್ಲಿಲ್ಲ. ಆವತ್ತು ಮೂಗುದಾರ ಹಿಡಿದೋನು ನಾನು. ಸರಿಯಾಗಿ ಹಿಡೀಲಿಲ್ಲ. ಅದನ್ನೂ ಹೇಳ್ಲಿಲ್ಲ.”

ದಾಸಪ್ಪ ಕೈಲಿದ್ದ ಕಾಯಿ ಸುಲಿದು ಮುಗಿಸಿದ. ಆತುರಪಡಲಿಲ್ಲ.

“ನೀನು ಹೇಳ್ಬೇಕು ಅಂತ ನಾನು ಬಾಳಾ ದಿನ ಕಾದೆ ಬೋರಣ್ಣ,” ಎಂದ. “ಆಮೇಲೆ ಕಾಯೋದು ಬಿಟ್ಟೆ.”

ಬೋರಣ್ಣ ತಲೆ ತಗ್ಗಿಸಿದ.

ದಾಸಪ್ಪ ಒಳಗಿದ್ದ ಹೆಂಡತಿಯನ್ನು ಕೂಗಿದ. “ಅಂಕಮ್ಮಾ, ಕಾಪಿಗಿಡು. ಬೋರಣ್ಣ ಬಂದವ್ನೆ.” ಆಮೇಲೆ ಮೊರವನ್ನು ಪಕ್ಕಕ್ಕೆ ಸರಿಸಿ ಜಗಲಿಯ ಮೇಲೆ ಒಬ್ಬರು ಕೂರುವಷ್ಟು ಜಾಗ ಮಾಡಿದ.

ಬೋರಣ್ಣ ಚಪ್ಪಲಿ ಬಿಟ್ಟು ಜಗಲಿ ಹತ್ತಿ ಅವನ ಪಕ್ಕದಲ್ಲಿ ಕೂತ. ಕಾಫಿ ಬರುವ ತನಕ ಇಬ್ಬರೂ ಸೇರಿ ಕಾಯಿ ಸುಲಿದರು.