ಇಪ್ಪತ್ತನಾಲ್ಕನೆಯವರ ‘ರೀ’

ಮಾನ್ಯ ವಾಚಕ ಮಹಾಶಯರ ಸನ್ನಿಧಿಯಲ್ಲಿ ಈ ಕಥೆಗಾರನ ವಿನಮ್ರ ವಿಜ್ಞಾಪನೆ: ಪಿಎಚ್.ಡಿ. ಪ್ರಬಂಧವೊಂದರ ಕುರಿತಾದ ಈ ಕಥೆಯನ್ನು ಎಲ್ಲಿಂದ ಆರಂಭಿಸಬೇಕೆಂಬ ವಿಷಯದಲ್ಲಿ ಅವನಿಗೆ ಇನ್ನೂ ಸ್ಪಷ್ಟತೆ ಒದಗಿಲ್ಲ. ಪ್ರಬಂಧಗಳು ಪ್ರಸ್ತಾವನೆಯಿಂದ ಆರಂಭವಾಗುತ್ತವೆ. ನಾನು ಓದಿ ಕಲಿತ ಅಗ್ಗದ ಕಾದಂಬರಿಗಳು ಹೆಣದಿಂದ ಆರಂಭವಾಗುತ್ತವೆ. ಇಲ್ಲಿ ಹೆಣವಿಲ್ಲ. ಒಂದು ‘ರೀ’ ಇದೆ.

೧

ಉಮಾವತಿ ಪುಣೆಯ ಕಾಲೇಜೊಂದರಲ್ಲಿ ಇಂಗ್ಲಿಷಿನ ತಾತ್ಕಾಲಿಕ ಅಧ್ಯಾಪಕಿ; ಒಂಬತ್ತು ವರ್ಷಗಳಿಂದ ತಾತ್ಕಾಲಿಕ. ಪಿಎಚ್.ಡಿ. ಬಂದರೆ ಕೆಲಸ ಕಾಯಂ, ಬಾರದಿದ್ದರೆ ಕೆಲಸವೇ ಇಲ್ಲ. ನೋಂದಣಿಯ ಅವಧಿ ಈ ತಿಂಗಳ ಕೊನೆಗೆ ಮುಗಿಯುತ್ತದೆ. (ಈ ಕಥೆಯ ಮೊದಲ ಕರಡಿನಲ್ಲಿ ಆಕೆಯ ತಂದೆಯ ಹೋಟೆಲಿನ ಸಾಂಬಾರಿಗೆ ಎರಡು ಪುಟ ಮೀಸಲಾಗಿತ್ತು. ಉಮಾವತಿ ಹೊಡೆದುಹಾಕಿದಳು: “ಉಡುಪಿಯವರು ಅಂದ್ರೆ ಸಾಂಬಾರು ಮಾತ್ರವಾ ಮಾರಾಯ್ರೆ?”)

೨

ಆಕೆಯ ವಿಷಯ: ‘ಭೋಸರಿಯ ಕಾರ್ಖಾನೆಗಳ ಕನ್ನಡ ಮಹಿಳೆಯರ ಇಂಗ್ಲಿಷಿನಲ್ಲಿ ‘ರೀ’ ದೋಷದ ಸಂಪೂರ್ಣ ನಿವಾರಣೆ.’ ಪುಣೆಯ ಪಕ್ಕದ ಭೋಸರಿಯಲ್ಲಿ ದುಡಿಯುವ ಈ ಮಹಿಳೆಯರು ‘ಕಮ್‌ರಿ’ ಎನ್ನುತ್ತಾರೆ, ‘ಟೆಲ್‌ರಿ’ ಎನ್ನುತ್ತಾರೆ. ಹನ್ನೆರಡು ಭಾನುವಾರಗಳ ಪಾಠದಿಂದ ಅದನ್ನು ಬಿಡಿಸಬಹುದೆಂಬುದು ಆಕೆಯ ಪ್ರತಿಪಾದನೆ. ‘ಸಂಪೂರ್ಣ’ ಎಂಬ ಪದವನ್ನು ನಾಲ್ಕು ವರ್ಷಗಳ ಹಿಂದೆ ಉತ್ಸಾಹದಲ್ಲಿ ಆಕೆಯೇ ಸೇರಿಸಿದ್ದು. ಈಗ ಶೀರ್ಷಿಕೆ ಬದಲಿಸುವಂತಿಲ್ಲ. ಪಾಠಕ್ಕೆ ಬಂದ ಇಪ್ಪತ್ತನಾಲ್ಕು ಮಂದಿಯಲ್ಲಿ ಇಪ್ಪತ್ತಮೂರು ಮಂದಿ ‘ರೀ’ ಬಿಟ್ಟಿದ್ದಾರೆ.

೩ (ಎರಡು ಸಲ ಬರೆದು ಹರಿದದ್ದು)

ಇಪ್ಪತ್ತನಾಲ್ಕನೆಯವರು ಮಹದೇವಮ್ಮ. ಸೇಡಂ ಕಡೆಯವರು; ಸ್ಕ್ರೂಗಳನ್ನು ಪ್ಯಾಕ್ ಮಾಡುವ ಕೆಲಸ; ವಯಸ್ಸು ಐವತ್ತೆರಡು. ಪರೀಕ್ಷೆಯ ಪ್ರಶ್ನೆ ಸರಳ: ಮನೆಗೆ ಹಿರಿಯರು ಬಂದಿದ್ದಾರೆ, ಇಂಗ್ಲಿಷಿನಲ್ಲಿ ಕೂರಲು ಹೇಳಿ.

“ಸಿಟ್‌ರಿ.”

“ಬರೀ ‘ಸಿಟ್’ ಅನ್ನಿ ಮಹದೇವಮ್ಮ,” ಎಂದಳು ಉಮಾವತಿ.

“ಬರೇ ಸಿಟ್ ಅಂದ್ರ ನಾಯಿಗಿ ಅಂದಂಗ ಆಗ್ತದ್ರಿ.”

“ಹಾಗಾದ್ರೆ ಒಂದು ‘ಪ್ಲೀಸ್’ ಸೇರಿಸಿ.”

“ಪ್ಲೀಸ್ ಅಂದ್ರ ಬೇಡ್ಕೊಂಡಂಗ. ನಾ ಯಾಕ್ರಿ ಬೇಡ್ಕೊಳ್ಳಲಿ? ಕುರ್ಚಿ ನಂದೇ ಅದ.”

(ಉಮಾವತಿಯ ತಖ್ತೆಯಲ್ಲಿ ‘ಸರಿ’, ‘ದೋಷ’ ಎಂಬ ಎರಡೇ ಅಂಕಣಗಳಿವೆ. ಈ ಉತ್ತರ ಎರಡಕ್ಕೂ ಸೇರಲಿಲ್ಲ.)

೪

ಮಾರ್ಗದರ್ಶಕರಾದ ಡಾ. ಚನ್ನವೀರ ಅವರು ಧಾರವಾಡದವರು. ಫೋನಿನಲ್ಲಿ ಪರಿಹಾರ ಸೂಚಿಸಿದರು.

“ಆ ಒಂದು ಹೆಸರು ತಗದ್ಬಿಡ್ರಿ. ಇಪ್ಪತ್ಮೂರು ಮಂದಿಗೆ ಕಲಿಸೀನಿ ಅಂತ ಬರೀರಿ. ಯಾರು ಎಣಸ್ತಾರ?”

“ಸರ್, ಅವರು ಒಂದು ಭಾನುವಾರವೂ ತಪ್ಪಿಸಲಿಲ್ಲ.”

“ಭಾಳ ಛಲೋ ಆತು. ಅದನ್ನ ಕೃತಜ್ಞತೆದಾಗ ಹಾಕ್ರಿ. ಓಕೆರಿ? ಥ್ಯಾಂಕ್ಯೂರಿ.”

(ಉಮಾವತಿ ಇದನ್ನು ಗಮನಿಸಿದಳು. ಆದರೆ ಮಾರ್ಗದರ್ಶಕರು ಸಂಶೋಧನೆಯ ವ್ಯಾಪ್ತಿಯಲ್ಲಿ ಬರುವುದಿಲ್ಲ.)

೫

ಮುಕ್ತಾಯ ಅ: ಮೌಖಿಕ ಪರೀಕ್ಷೆಯಲ್ಲಿ ನಾಯಕಿ ಎದ್ದು ನಿಂತು, ‘ರೀ’ ದೋಷವಲ್ಲ, ಮರ್ಯಾದೆ ಎಂದು ಘೋಷಿಸಿ ಪ್ರಬಂಧವನ್ನು ಹರಿಯುತ್ತಾಳೆ. ಚಪ್ಪಾಳೆ.

“ನಿಮಗೇನು, ಬರೆದು ಹೋಗ್ತೀರಿ,” ಎಂದಳು ಉಮಾವತಿ. “ಮರುದಿನ ಕೆಲಸ ಹೋಗುವುದು ಯಾರದ್ದು? ಚಪ್ಪಾಳೆ ನೀವೇ ಇಟ್ಕೊಳ್ಳಿ.”

ನ್ಯಾಯವಾದ ಆಕ್ಷೇಪ. ಹೊಡೆದುಹಾಕಿದ್ದೇನೆ.

ಮುಕ್ತಾಯ ಆ: ಆಕೆ ಮಹದೇವಮ್ಮನವರ ಹೆಸರು ತೆಗೆಯುತ್ತಾಳೆ, ಡಾಕ್ಟರ್ ಉಮಾವತಿ ಆಗುತ್ತಾಳೆ.

“ಇದೂ ಬೇಡ.”

“ಯಾಕೆ?”

“ಅವರು ಪ್ರತಿ ಭಾನುವಾರ ಬಂದಿದ್ರಲ್ಲ.”

೬

ಹೀಗಾಗಿ ಕಥೆಗಾರನೇ ಭೋಸರಿಗೆ ಹೋಗಬೇಕಾಯಿತು. (ಇದು ನಿಯಮಬಾಹಿರ. ಕಥೆಗಾರರು ದೂರ ನಿಂತು ನೋಡತಕ್ಕದ್ದು.) ಮಹದೇವಮ್ಮನವರಿಗೆ ಎಲ್ಲವನ್ನೂ ನಿವೇದಿಸಿದೆ.

“ಮೊದ್ಲೇ ಹೇಳಬಾರದೇನ್ರಿ? ಆ ಹುಡುಗಿ ನೌಕರಿ ಪ್ರಶ್ನೆ ಅದ, ನಾ ಇಲ್ಲಿ ಒಂದ್ ‘ರೀ’ ಹಿಡ್ಕೊಂಡು ಕುಂತೀನಿ! ಅಂತೀನಿ ತಗೋರಿ, ಬರೇ ಸಿಟ್ ಅಂತೀನಿ. ನೀವು ಯಾರ್ರಿ, ಆಕಿ ಗಂಡನೇನು?”

“ಈ ಕಥೆ ಬರೆಯುತ್ತಿರುವವನು.”

“ಮತ್ತ ನೀವೇ ತಿದ್ದಬೇಕಿತ್ತಲ್ರಿ. ಇಷ್ಟು ದೂರ ಯಾಕ ಬಂದ್ರಿ?”

(ವಿಮರ್ಶಕರು ಇಲ್ಲಿಯವರೆಗೆ ಕೇಳದಿದ್ದ ಪ್ರಶ್ನೆ.)

೭

ಭಾನುವಾರ ಬೆಳಿಗ್ಗೆ ಮಹದೇವಮ್ಮನವರ ಮನೆಯಲ್ಲಿ ಮರುಪರೀಕ್ಷೆ; ನಾನೂ ಹಾಜರಿದ್ದೆ. ಮೊಬೈಲಿನಲ್ಲಿ ರೆಕಾರ್ಡಿಂಗ್ ಶುರುವಾಯಿತು. ಉಮಾವತಿ ಹೊರಗೆ ಹೋಗಿ, ಹಿರಿಯ ಅತಿಥಿಯ ಪಾತ್ರದಲ್ಲಿ ಬಾಗಿಲು ತಟ್ಟಿ ಒಳಗೆ ಬಂದಳು. ಮಹದೇವಮ್ಮ ಎದ್ದು ನಿಂತರು. ಸೆರಗು ಸರಿಪಡಿಸಿಕೊಂಡು, ನೆಲ ನೋಡುತ್ತ,

“ಸಿಟ್,” ಎಂದರು.

ಶುದ್ಧ ಇಂಗ್ಲಿಷ್. ಸಂಪೂರ್ಣ ನಿವಾರಣೆ. ಇನ್ನು ‘ಸರಿ’ ಅಂಕಣದಲ್ಲಿ ಒಂದು ಗುರುತು ಹಾಕಿದರೆ ಮುಗಿಯಿತು.

ಉಮಾವತಿ ಕೂರಲಿಲ್ಲ.

ಮಹದೇವಮ್ಮ ಗಾಬರಿಯಿಂದ ಕುರ್ಚಿಯನ್ನು ಮುಂದಕ್ಕೆಳೆದು ಸೆರಗಿನಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೊಮ್ಮೆ ಒರೆಸಿದರು. ಬಾಯಿಂದ ಒಂದಕ್ಷರ ಹೊರಡದಂತೆ ತುಟಿ ಬಿಗಿಹಿಡಿದಿದ್ದರು.

ಪೆನ್ನಿನ ಮುಚ್ಚಳ ತೆಗೆದ ಉಮಾವತಿ ನನ್ನತ್ತ ತಿರುಗಿದಳು. “ಏನು ಬರೀಲಿ?”

ಮಾನ್ಯರೇ, ಮುಕ್ತಾಯ ‘ಇ’ ನನ್ನಲ್ಲಿಲ್ಲ. ಕರಡುಗಳನ್ನು ಮಡಚಿ ಚೀಲಕ್ಕೆ ತುರುಕಿ, ಚಪ್ಪಲಿ ಮೆಟ್ಟಿಕೊಂಡೆ. ಬಾಗಿಲಲ್ಲಿ ತಿರುಗಿ ನೋಡಿದಾಗ ಇಬ್ಬರೂ ಕುರ್ಚಿಯ ಎರಡು ಬದಿಗೆ ನಿಂತೇ ಇದ್ದರು; ಮೊಬೈಲು ರೆಕಾರ್ಡ್ ಮಾಡುತ್ತಲೇ ಇತ್ತು. ನಾನು ಪಿಂಪ್ರಿಯ ಬಸ್ಸು ಹಿಡಿಯಲು ಬಿರಬಿರನೆ ನಡೆದೆ.